ಹೋಗದ ಊರಿನ ಸ್ವಂತ ಅನುಭವ

"ನಿಮಗೆ ಆಗಿದ್ದನ್ನು ಬರೀರಿ" ಎಂದು ನಾಲ್ಕನೆಯ ತರಗತಿಯ ಮಕ್ಕಳಿಗೆ ಹೇಳಿದೆ. ಬರೆದು ತಂದರು. ಒಬ್ಬ ಚಕ್ಕಡಿಯಿಂದ ಬಿದ್ದಿದ್ದ. ಒಬ್ಬಳಿಗೆ ನಾಯಿ ಕಚ್ಚಿತ್ತು. ಒಬ್ಬನ ಕಾಲಿನಲ್ಲಿ ಜಾಲಿಮುಳ್ಳು ಮುರಿದಿತ್ತು, ಅದನ್ನು ತೆಗೆಯಲು ಹೋದ ಅವರ ಕಾಕಾನ ಕೈಗೆ ಪಿನ್ನು ಚುಚ್ಚಿತ್ತು. ಇಡೀ ತರಗತಿಯೇ ದವಾಖಾನೆಯ ಪಾಳಿಯಲ್ಲಿ ಕುಳಿತಂತಿತ್ತು. ಕೊನೆಯ ಸಾಲಿನ ಹುಡುಗ ಖಾಲಿ ಹಾಳೆ ಕೊಟ್ಟು, "ನನಗೇನೂ ಆಗಿಲ್ರಿ ಅಕ್ಕೋರ, ಆರಾಮ ಅದೀನಿ" ಅಂದ.

ಅಕ್ಕೋರು ಅಂದರೆ ನಾನು. ರೋಣದಲ್ಲಿ ಮನೆ, ಗಜೇಂದ್ರಗಡದ ಬಸ್ಸು ಹಿಡಿದು ರಾಜೂರಿನ ಆಚೆಯ ಒಂದು ಹಳ್ಳಿಯ ಸರಕಾರಿ ಶಾಲೆಗೆ ಹೋಗಿ ಬರುವವಳು. ಮಕ್ಕಳ ಹಾಳೆಗಳನ್ನು ಹಿಡಿದುಕೊಂಡು ಹೆಡ್ ಮಾಸ್ತರರ ಹತ್ತಿರ ಹೋಗಿ, ಈ ಮಕ್ಕಳಿಗೆ ಒಂದಾದರೂ ಸುಖದ ನೆನಪು ಬೇಡವೇ ಎಂದು ಕೂಗಾಡಿದೆ. ಅವರು ಚಹಾದ ಬಟ್ಟಲು ಕೆಳಗಿಡಲಿಲ್ಲ.

"ನಮ್ಮ ಕಡೆ 'ಏನಾತು' ಅಂತ ಕೇಳೂದು ಏನರ ಕೆಟ್ಟದ್ದು ಆದಾಗ ಅಲ್ಲೇನ್ರಿ ಮೇಡಂ? ಚಲೋ ಇದ್ದವರನ್ನ ಯಾರು ಕೇಳ್ತಾರ? ಹುಡುಗೂರು ನೀವು ಕೇಳಿದ್ದಕ್ಕ ಬರೋಬ್ಬರಿ ಉತ್ತರ ಕೊಟ್ಟಾವು" ಅಂದರು.

ಅವರು ಹೇಳಿದ್ದು ಸರಿ ಅನ್ನಿಸಿತು. ಸರಿ ಅನ್ನಿಸಿದ್ದಕ್ಕೆ ಸಿಟ್ಟೂ ಬಂತು.

ಈ ಬರೆಸುವ ಹುಚ್ಚು ನನ್ನ ತಲೆಗೆ ಹತ್ತಿದ್ದು ರೋಣದಲ್ಲಿ ನಡೆದ ಒಂದು ತರಬೇತಿಯಲ್ಲಿ. ಪಠ್ಯದ ಉತ್ತರವನ್ನು ಹಲಗೆಯಿಂದ ನಕಲು ಮಾಡಿಸುವುದು ಸಾಕು, ಮಗು ತನ್ನ ಬದುಕನ್ನು ತಾನೇ ಬರೆಯಲಿ ಎಂದು ಅಲ್ಲಿ ಹೇಳಿಕೊಟ್ಟರು. ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು ಮಾತ್ರ ಇರಬೇಕು, ಕೇಳಿದ್ದು ಬೇಡ. ಈ ನಿಯಮ ನನಗೆ ತುಂಬ ಹಿಡಿಸಿತು. ನಾನು ನರಗುಂದದ ದಲಾಲಿ ಅಂಗಡಿಯವರ ಮಗಳು. ನಮ್ಮಪ್ಪ ಕಾಳನ್ನು ಮೂಸುತ್ತಿದ್ದ, ಕಡಿದು ನೋಡುತ್ತಿದ್ದ, ಎದುರಿಗಿದ್ದವನು ಎಷ್ಟೇ ಬಣ್ಣಿಸಿದರೂ ತಕ್ಕಡಿಗೆ ಹಾಕುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಆ ಸ್ವಭಾವ ನನಗೂ ಇಳಿದು ಬಂದಿದೆ. ಮನೆಯವರು ಇದಕ್ಕೆ ಮೊಂಡುತನ ಅನ್ನುತ್ತಾರೆ, ಅನ್ನಲಿ.

ಎರಡನೆಯ ಸಲ ಜಾಣಳಾದೆ. 'ನೀವು ದಿನಾ ಯಾರ ಜೊತೆ ಇರ್ತೀರಿ, ಅವರ ಜೊತೆ ಏನು ಮಾಡ್ತೀರಿ' ಎಂದು ಹಲಗೆಯ ಮೇಲೆ ಬರೆದೆ. ಅದರ ಕೆಳಗೆ ದೊಡ್ಡದಾಗಿ 'ಕಂಡದ್ದು, ಮಾಡಿದ್ದು ಮಾತ್ರ' ಎಂದೂ ಬರೆದೆ. ಹೊಲದಲ್ಲಿ ಕಡಲೆ ಗಿಡ ಕಾಳು ಕಟ್ಟುವ ಕಾಲ ಅದು. ಬೆಳಿಗ್ಗೆ ಹೊಲದಲ್ಲಿ ಹಾಯ್ದು ಬಂದ ಮಕ್ಕಳ ಕೈಯೆಲ್ಲ ಕಡಲೆ ಗಿಡದ ಹುಳಿ, ಹಾಳೆಗಳಿಗೂ ಅದೇ ವಾಸನೆ. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಹಾಳೆ ಓದಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟೆ. ಬರೆದವಳು ಮುಂದಿನ ಸಾಲಿನ ಹುಡುಗಿ, ಎರಡು ಜಡೆ, ಕೇಳಿದ್ದಕ್ಕಷ್ಟೇ ಮಾತು. ತನ್ನ ಮಾತಿನಲ್ಲೇ ಬರೆದಿದ್ದಳು, ನಾನು ತಿದ್ದಲು ಹೋಗಲಿಲ್ಲ:

"ನಾನು ಗೋವಾದಾಗ ನನ್ನ ತಮ್ಮನ್ನ ಮಲಗಸ್ತೀನಿ. ಅಲ್ಲಿ ಬಿಲ್ಡಿಂಗ್ ಕಟ್ಟಾಕತ್ಯಾರ. ನಮ್ಮವ್ವ ಅವನ್ನ ಸೀರಿ ಜೋಳಿಗ್ಯಾಗ ಹಾಕಿ ಕೆಲಸಕ್ಕ ಹೋಗ್ತಾಳ. ಸ್ಲ್ಯಾಬ್ ಹಾಕೂ ದಿವಸ ಅವ್ವಗ ನಿಂದರಾಕ ಆಗೂದಿಲ್ಲ. ಮಿಕ್ಸರ್ ಗರಗರ ಅಂತೈತಿ. ತಮ್ಮ ಅಂಜಿ ಅಳ್ತಾನ. ನಾನು ತೂಗತೀನಿ. ಎಮ್ಮಿ ಕರ ಹಾಕೈತಿ, ಕರದ ಹಣಿ ಮ್ಯಾಲೆ ಬಿಳಿ ಚುಕ್ಕಿ ಐತಿ ಅಂತ ಹೇಳ್ತೀನಿ. ಅಂವ ಮೊದಲು ಬಿಕ್ಕತಾನ. ಆಮ್ಯಾಲೆ ಉಸರು ಉದ್ದ ಬಿಡ್ತಾನ. ಆಮ್ಯಾಲೆ ಕೈಬಟ್ಟ ಚೀಪೂ ಸಪ್ಪಳ ಬರ್ತೈತಿ. ಆಗ ನಾ ಸುಮ್ನಾಗ್ತೀನಿ."

ಇದಕ್ಕಿಂತ ಹೆಚ್ಚಿಗೆ ಯಾರು ಏನು ಬರೆದಾರು? ನನ್ನ ಎದೆ ಉಬ್ಬಿತು. ಊಟದ ನಂತರ ತರಗತಿಯಲ್ಲಿ ಗಟ್ಟಿಯಾಗಿ ಓದಿ, ಸ್ವಂತ ಅನುಭವ ಅಂದರೆ ಇದು, ನೋಡಿ ಕಲಿಯಿರಿ ಎಂದು ಭಾಷಣವನ್ನೂ ಮಾಡಿದೆ. ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು, ಕಿವಿ ಮಾತ್ರ ಕೆಂಪಾಗಿದ್ದವು. ಆಗ ಪಕ್ಕದ ಸಾಲಿನ ಅವಳ ಗೆಳತಿ ಎದ್ದು ನಿಂತಳು.

"ಅಕ್ಕೋರ, ಈಕಿ ಗೋವಾಕ್ಕ ಹೋಗೇ ಇಲ್ರಿ. ಅವರ ಅವ್ವ ಅಪ್ಪ ಹೋಗ್ಯಾರ, ಕೂಸು ಹೋಗೈತಿ. ಈಕಿ ಆಯಿ ಕಡೆ ಅದಾಳ. ನಿನ್ನಿ ನಮ್ಮ ಹೊಲದಾಗ ಹಸಿ ಕಡ್ಲಿ ಸುಲಗಾಯಿ ತಿನ್ನಾಕತ್ತಿದ್ಲು."

ತರಗತಿ ಗೊಳ್ಳೆಂದು ನಕ್ಕಿತು. ನಗಬೇಕಾದದ್ದು ನನ್ನನ್ನು ನೋಡಿ. ದೀಪಾವಳಿ ರಜೆ ಮುಗಿದಂದಿನಿಂದ ಒಂದು ದಿನವೂ ತಪ್ಪಿಸದೆ ಮುಂದಿನ ಸಾಲಿನಲ್ಲಿ ನನ್ನ ಮೂಗಿನ ಕೆಳಗೇ ಕುಳಿತಿದ್ದ ಹುಡುಗಿ ತಾನು ಗೋವಾದಲ್ಲಿದ್ದೇನೆ ಎಂದು ಬರೆದಿದ್ದಾಳೆ, ನಾನು ತಲೆದೂಗಿದ್ದೇನೆ! ತಕ್ಕಡಿಯವರ ಮಗಳ ಶ್ಯಾಣ್ಯಾತನ ಅದು. ಮುಖಭಂಗವಾದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಧ್ವನಿ ಏರಿಸಿದೆ.

"ಹಲಗಿ ಮ್ಯಾಲೆ ಏನ್ ಬರದೀನಿ? ಸುಳ್ಳು ಬರೀಬಾರದು."

"ಸುಳ್ಳಲ್ರಿ."

"ನೀ ಅಲ್ಲಿ ಇದ್ದಿಯೇನು?"

"ಇರ್ತೀನ್ರಿ."

ಅಳಲಿಲ್ಲ, ಹಟವನ್ನೂ ಮಾಡಲಿಲ್ಲ. ನನಗೇ ಏನೋ ತಿಳಿಯುತ್ತಿಲ್ಲ ಎಂಬಂತೆ ನನ್ನ ಮುಖ ನೋಡಿದಳು. ಆ ನೋಟದಿಂದ ನಾನು ಗಲಿಬಿಲಿಗೊಂಡೆ. ಸುಳ್ಳು ಹೇಳುವ ಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಅವರು ಹೀಗೆ ನೋಡುವುದಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಹೋಗದೆ ಅವಳ ಮನೆಗೆ ಹೋದೆ. ಆಯಿ, ಅಂದರೆ ಅವಳ ಅಜ್ಜಿ, ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಗಡಬಡಿಸಿ ಎದ್ದು, "ಬರ್ರಿ ಅಕ್ಕೋರ, ಕುಂದರ್ರಿ, ಹುಡುಗಿ ಏನರ ಮಾಡ್ಯಾಳೇನ್ರಿ?" ಅಂದಳು. ನಾನು ಹಾಳೆಯ ಸಂಗತಿ ಹೇಳಬೇಕು ಅನ್ನುವಷ್ಟರಲ್ಲಿ ಒಳಗೆ ಫೋನು ರಿಂಗಾಯಿತು. ಗುಂಡಿಗಳಿರುವ ಸಣ್ಣ ಫೋನು, ವಿಡಿಯೋದಲ್ಲಿ ಮುಖ ತೋರಿಸುವಂಥದಲ್ಲ. ಹುಡುಗಿ ಪಾಟಿಚೀಲವನ್ನು ಅಲ್ಲೇ ಎಸೆದು ಒಳಗೆ ಓಡಿದಳು. ಸ್ಪೀಕರ್ ಹಾಕಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಳು.

ಫೋನಿನಿಂದ ಮೊದಲು ಮಿಕ್ಸರಿನ ಗರಗರ ಬಂತು. ಯಾರೋ ಹೆಂಗಸು ಅವಸರದಲ್ಲಿ "ತೂಗಾಡಸಬೇ" ಅಂದದ್ದು ಕೇಳಿತು, ಆಮೇಲೆ ಬಟ್ಟೆಯ ಸರಬರ, ಆಮೇಲೆ ಒಂದು ಕೂಸಿನ ಅಳು. ಹುಡುಗಿ ಎಡಗೈಯಲ್ಲಿ ಫೋನು ಹಿಡಿದು ಶುರು ಮಾಡಿದಳು. ಎಮ್ಮೆಯ ಸುದ್ದಿ, ಕರುವಿನ ಸುದ್ದಿ, ಕೋಳಿ ಹೇಂಟೆ ಎಲ್ಲಿ ತತ್ತಿ ಇಟ್ಟಿತು ಎಂಬ ಸುದ್ದಿ, ನಡುನಡುವೆ ಜೋ ಜೋ. ಅವಳ ಬಲಗೈ ಬರಿಯ ಗಾಳಿಯಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ ಆಡುತ್ತಿತ್ತು. ಜೋಳಿಗೆ ತೂಗುವ ಕೈ ಹೇಗಿರುತ್ತದೋ ಹಾಗೆ.

"ಅಲ್ಲಿ..." ಎಂದು ನಾನು ಬಾಯಿ ತೆಗೆದೆ. ಅಜ್ಜಿ ತುಟಿಯ ಮೇಲೆ ಬೆರಳಿಟ್ಟಳು.

"ಸುಮ್ನಿರ್ರಿ ಅಕ್ಕೋರ, ಕೂಸು ಮಲಗಾಕತ್ತೈತಿ" ಎಂದು ಪಿಸುಗುಟ್ಟಿದಳು.

ಅಂಗಳದಲ್ಲಿ ಕೊಕ್ಕೊಕ್ ಅನ್ನುತ್ತಿದ್ದ ಕೋಳಿಯನ್ನು ಕೈ ಬೀಸಿ ಓಡಿಸಿದಳು. ಓಣಿಯಿಂದ ಯಾರೋ ಕೂಗುತ್ತ ಬಂದವರು ಬಾಗಿಲಲ್ಲಿ ಅವಳ ಸನ್ನೆ ನೋಡಿ, ಇದು ದಿನದ ಮಾತೇ ಎಂಬಂತೆ ಮೆಟ್ಟು ಕೈಯಲ್ಲಿ ಹಿಡಿದು ವಾಪಸು ಹೋದರು. ಕೂಸು ಗೋವಾದಲ್ಲಿ ಮಲಗುತ್ತಿತ್ತು, ಇಲ್ಲಿ ಇಡೀ ಮನೆ ಉಸಿರು ಬಿಗಿಹಿಡಿದು ಕುಳಿತಿತ್ತು. ನನಗೆ ನಗು ಬರಬೇಕಿತ್ತು. ಬರಲಿಲ್ಲ, ನಾನೂ ಹೆಜ್ಜೆ ಸಪ್ಪಳವಾದೀತೆಂದು ಅಲುಗಾಡದೆ ಕುಳಿತಿದ್ದೆ.

ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ಉದ್ದುಸಿರಾಯಿತು. ಆಮೇಲೆ ಬೆರಳು ಚೀಪುವ ಸಪ್ಪಳ. ಹುಡುಗಿ ಸುಮ್ಮನಾದಳು. ಅವಳ ಹಾಳೆಯಲ್ಲಿ ಕೂಸಿನ ಮುಖವಿಲ್ಲ, ಬರಿಯ ಸಪ್ಪಳವಿದೆ ಎಂಬುದು ನನಗೆ ಆಗ ಹೊಳೆಯಿತು.

ಅಜ್ಜಿ ಆಮೇಲೆ ಬಿಡಿಸಿ ಹೇಳಿದಳು. ಕೂಸು ಹುಟ್ಟಿದ್ದು ನಾಗರ ಪಂಚಮಿಯ ಹೊತ್ತಿಗೆ, ಇದೇ ಮನೆಯಲ್ಲಿ. ದೀಪಾವಳಿಯ ತನಕ ಅದನ್ನು ಎತ್ತಿದ್ದು, ಆಡಿಸಿದ್ದು, ತೂಗಿದ್ದು ಎಲ್ಲ ಈ ಹುಡುಗಿಯೇ. ಆಮೇಲೆ ಗಂಡ ಹೆಂಡಿರಿಬ್ಬರೂ ಕೂಸನ್ನು ಕಟ್ಟಿಕೊಂಡು ಕೆಲಸಕ್ಕೆ ಹೋದರು, ಇವಳು ಶಾಲೆಗೆಂದು ಇಲ್ಲಿ ಉಳಿದಳು. ಅಲ್ಲಿ ಕೂಸು ಯಾರಿಗೂ ಬಗ್ಗಲಿಲ್ಲ. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟಿನ ಬುಟ್ಟಿಗಳು ಕೈಯಿಂದ ಕೈಗೆ ಸಾಲು ಹಿಡಿದು ಬರುತ್ತವೆ, ನಡುವಿನವರೊಬ್ಬರು ಬಿಟ್ಟು ಹೋದರೆ ಸಾಲೇ ನಿಲ್ಲುತ್ತದೆ. ಒಂದು ದಿನ ಸೊಸೆಗೆ ಏನೂ ತೋಚದೆ ಫೋನು ಹಚ್ಚಿ ಜೋಳಿಗೆಯ ಹಗ್ಗಕ್ಕೆ ಸಿಗಿಸಿ ಹೋದಳಂತೆ.

"ಅವತ್ತಿನಿಂದ ಹಿಂಗ ನೋಡ್ರಿ. ಈಕಿ ದನಿ ಕೇಳದ ಅಂವ ಕಣ್ಣ ಮುಚ್ಚೂದಿಲ್ಲ" ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆಯೆಲ್ಲ ಗೊಂದಲ. ಅವಳು ಕೈಯಾರೆ ಮಾಡಿದ್ದಾಳೆಯೇ? ಮಾಡಿದ್ದಾಳೆ, ಕೈ ಆಡುವುದನ್ನು ನಾನೇ ಕಂಡೆ. ಕಣ್ಣಾರೆ ಕಂಡಿದ್ದಾಳೆಯೇ? ಇಲ್ಲ. ಹಾಗಾದರೆ ಹಾಳೆ ಪಾಸೋ ಫೇಲೋ? ಇನ್ನೊಂದು ಸಂಗತಿ ಹೇಳುತ್ತೇನೆ. ನಾನು ಕೂಸಾಗಿದ್ದಾಗ ನರಗುಂದದ ನಮ್ಮ ಅಂಗಡಿಯಲ್ಲಿ ಗೋದಿಯ ರಾಶಿಯೊಳಗೆ ಉರುಳಿ ಬಿದ್ದು ಕುತ್ತಿಗೆಯವರೆಗೆ ಹೂತು ಹೋಗಿದ್ದೆ. ಕಾಳಿನ ತಂಪು, ಮೂಗಿನಲ್ಲಿ ಧೂಳು, ಎಲ್ಲ ನನಗೆ ನೆನಪಿದೆ, ಬಂದವರ ಮುಂದೆಲ್ಲ ಹೇಳುತ್ತೇನೆ. ಆದರೆ ಯಾರ ಮುಂದೆಯೂ ಹೇಳದ ಮಾತೆಂದರೆ, ಆಗ ನನಗಿನ್ನೂ ನಡೆಯಲು ಬರುತ್ತಿರಲಿಲ್ಲ. ಅದು ನನ್ನ ನೆನಪೋ, ಅವ್ವ ಹೇಳಿ ಹೇಳಿ ನನ್ನದಾದದ್ದೋ? ಅಷ್ಟು ದೊಡ್ಡ ತಕ್ಕಡಿಯ ಮನೆಯಲ್ಲಿ ಇದನ್ನು ಯಾರೂ ತೂಗಿ ನೋಡಿಲ್ಲ.

ಮರುದಿನ ಹುಡುಗಿಯನ್ನು ಕರೆದು, ನನ್ನ ಪ್ರಕಾರ ಬಹಳ ಒಳ್ಳೆಯ ದಾರಿಯನ್ನು ತೋರಿಸಿದೆ. "ನೀ ಫೋನಿನಾಗ ಮಾತಾಡಿ ಮಲಗಸ್ತೀಯಲ್ಲ, ಅದನ್ನೇ ಬರಿ. 'ನಾನು ಇಲ್ಲಿ ಕುಂತು ತಮ್ಮನ್ನ ಮಲಗಸ್ತೀನಿ' ಅಂತ ಬರಿ. ಇನ್ನೂ ಚಲೋ ಆಗ್ತೈತಿ" ಅಂದೆ. ಖರೇ ಹೇಳುತ್ತೇನೆ, ನನಗೆ ಹಾಗೇ ಅನ್ನಿಸಿತ್ತು.

ಅವಳು ಪೆನ್ಸಿಲ್ಲಿನ ತುದಿ ಕಡಿದಳು.

"ಹಂಗ ಬರದ್ರ ನಾ ಇಲ್ಲೇ ಇದ್ದಂಗ ಆಕ್ಕೈತ್ರಿ."

"ಇಲ್ಲೇ ಇದ್ದೀಯಲ್ಲವಾ."

"ಸಾಲಿ ಇದ್ದಾಗ ಇಲ್ಲಿರ್ತೀನ್ರಿ. ಸಂಜಿಮುಂದ ಅಲ್ಲಿ."

ಇದಕ್ಕೆ ಏನು ಹೇಳಬೇಕೆಂದು ತರಬೇತಿಯಲ್ಲಿ ಕಲಿಸಿರಲಿಲ್ಲ. ನಾನು "ಹೋಗು, ಕುಂದರು" ಅಂದೆ. ಶಾಲೆಯ ಗೋಡೆಪತ್ರಿಕೆಗೆ ಬಾಕಿ ಎಲ್ಲರ ಹಾಳೆಗಳನ್ನು ಅಂಟಿಸಿದೆ, ಮೇಲೆ ಬಣ್ಣದಲ್ಲಿ 'ಸ್ವಂತ ಅನುಭವ' ಎಂದು ಬರೆದೆ. ಅವಳದು ನನ್ನ ಚೀಲದಲ್ಲೇ ಉಳಿಯಿತು, ರೋಣಕ್ಕೂ ಹಳ್ಳಿಗೂ ನನ್ನ ಜೊತೆಯೇ ಓಡಾಡಿತು. ಅವಳು ದಿನಾ ಬೆಳಿಗ್ಗೆ ಗೋಡೆಯ ಮುಂದೆ ನಿಂತು ಹಾಳೆಗಳನ್ನೆಲ್ಲ ಒಂದು ಸುತ್ತು ನೋಡಿ ಒಳಗೆ ಬರುತ್ತಿದ್ದಳು. ಕೇಳುತ್ತಿರಲಿಲ್ಲ. ಕೇಳಿದ್ದರೆ ಗದರಿಸಿ ಹಗುರಾಗುತ್ತಿದ್ದೆನೋ ಏನೋ.

ಯುಗಾದಿ ಹತ್ತಿರ ಬಂದಾಗ ಕೊನೆಗೂ ಬಾಯಿ ಬಿಟ್ಟಳು. "ಅಕ್ಕೋರ, ಹಬ್ಬಕ್ಕ ಅವ್ವ ಬರ್ತಾಳ್ರಿ. ತಮ್ಮನೂ ಬರ್ತಾನ. ನಂದು ಗೋಡಿ ಮ್ಯಾಲೆ ಹಚ್ಚಿದ್ರ ಅವಂಗ ತೋರಸ್ತೀನಿ. ನೋಡ್, ನಾ ನಿನ್ನ ಜೋಡಿ ಇದ್ದೆ, ಅಕ್ಕೋರು ಹಚ್ಚ್ಯಾರ ಅಂತೀನಿ."

ಅವಳಿಗೆ ಮಾರ್ಕೂ ಬೇಡ, ಶಾಬಾಸಕಿಯೂ ಬೇಡ. ತಾನು ತಮ್ಮನ ಜೊತೆಗಿದ್ದೆ ಎಂದು ಒಬ್ಬರು ದೊಡ್ಡವರು ಒಪ್ಪಬೇಕು, ಇಷ್ಟೇ. ಹೆಡ್ ಮಾಸ್ತರರನ್ನು ಕೇಳಿದೆ. "ಹಚ್ಚಿಬಿಡ್ರಿ ಮೇಡಂ, ಗೋಡಿ ಏನ್ ಬೀಳೂದಿಲ್ಲ" ಅಂದರು. ಹಚ್ಚಿದೆ. ಹಚ್ಚಿದ ಮೇಲೂ ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಅವಳು ಮಾತ್ರ ಆ ಮಧ್ಯಾಹ್ನ ಊಟಕ್ಕೂ ಹೋಗದೆ ಗೋಡೆಯ ಮುಂದೆಯೇ ನಿಂತಿದ್ದಳು.

ಹಬ್ಬ ಮುಗಿದ ಮರುದಿನ ನಾನು ಬಸ್ಸಿಳಿದು ಬರುವಷ್ಟರಲ್ಲಿ ಶಾಲೆಯ ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದಳು. ಹೊಸ ಲಂಗ ಹಾಕಿಕೊಂಡಿದ್ದಳು, ಕಣ್ಣು ಬಾತಿದ್ದವು.

"ನನ್ನ ಹಾಳಿ ತಗೀರಿ ಅಕ್ಕೋರ."

"ಯಾಕ? ತಮ್ಮ ಬಂದಿಲ್ಲೇನು?"

"ಬಂದಾನ್ರಿ." ಗೋಡೆಯ ಕಡೆ ಬೆರಳು ತೋರಿಸಿದಳು. "ನೀವು ಅಂದಿದ್ದು ಖರೇ ಐತ್ರಿ. ನಾ ಅಲ್ಲಿ ಇರಲಿಲ್ಲ."

ಚಳಿಗಾಲದಿಂದ ನಾನು ಅವಳ ಬಾಯಿಂದ ಕೇಳಬೇಕೆಂದು ಕಾಯುತ್ತಿದ್ದ ಮಾತು ಅದೇ. ಈಗ ಕೇಳಿದಾಗ ಆ ಮಾತನ್ನು ಅವಳಿಗೇ ಹಿಂದಕ್ಕೆ ಕೊಟ್ಟುಬಿಡಬೇಕು ಅನ್ನಿಸಿತು. ಹೇಗೆ ಕೊಡುವುದು? ಹೆಡ್ ಮಾಸ್ತರರಿಗೆ ತರಗತಿ ಒಪ್ಪಿಸಿ ಅವಳ ಕೈ ಹಿಡಿದುಕೊಂಡು ಅವಳ ಮನೆಗೆ ನಡೆದೆ.

ಅವಳ ತಾಯಿ ಪಡಸಾಲೆಯಲ್ಲಿ ಕೂಸನ್ನು ಮುಂದೆ ಕೂರಿಸಿಕೊಂಡಿದ್ದಳು. ಬಿಸಿಲಿಗೆ ಕರ್ರಗಾದ ಸಣ್ಣ ಹೆಂಗಸು, ಸೊಂಟದಲ್ಲಿ ಸಿಗಿಸಿಕೊಂಡ ಫೋನು. ಕೂಸಿಗೆ ಈಗ ಕೂರಲು ಬರುತ್ತಿತ್ತು. ನನ್ನನ್ನು ನೋಡಿ ಸುಮ್ಮನಿತ್ತು, ಹಿಂದೆ ಬಂದ ಅಕ್ಕನನ್ನು ಕಂಡದ್ದೇ ತುಟಿ ಅದುರಿಸಿ ಚೀರತೊಡಗಿತು. ಹುಡುಗಿ ಅಲ್ಲೇ ಬಾಗಿಲ ಹಿಂದೆ ಸರಿದಳು.

"ನೋಡ್ರಿ ಅಕ್ಕೋರ, ಬಂದಾಗಿಂದ ಹಿಂಗ. ಅಕ್ಕನ ಮಾರಿ ಕಂಡ್ರ ಸಾಕು, ಅಳ್ತೈತಿ. ಬಿಟ್ಟ ಹೋಗುಮುಂದ ಸಣ್ಣದಿತ್ತು, ಮಾರಿ ಮರತೈತಿ" ಅಂದಳು ತಾಯಿ. ಆಮೇಲೆ ಬಾಗಿಲ ಕಡೆ ತಿರುಗಿ, "ಅಲ್ಲಿಂದ ಮಾತಾಡಬೇ ಸ್ವಲ್ಪ" ಅಂದಳು.

ಬಾಗಿಲ ಹಿಂದಿನಿಂದ ಸಣ್ಣ ಧ್ವನಿ ಬಂತು. ಎಮ್ಮಿ ಕರ ಹಾಕೈತಿ, ಹಣಿ ಮ್ಯಾಲೆ ಬಿಳಿ ಚುಕ್ಕಿ ಐತಿ. ಕೂಸು ಥಟ್ಟನೆ ಅಳು ನಿಲ್ಲಿಸಿತು. ಬಾಗಿಲ ಕಡೆಗೆ ನೋಡಲಿಲ್ಲ. ತಾಯಿಯ ಸೊಂಟಕ್ಕೆ ಅಂಟಿಕೊಂಡು ಎರಡೂ ಕೈಯಲ್ಲಿ ಫೋನನ್ನು ತಡಕಾಡಿತು, ಅದಕ್ಕೆ ಕೆನ್ನೆ ಹಚ್ಚಿ ನಕ್ಕಿತು.

"ಫೋನಿನಾಗಿನ ಅಕ್ಕ ಬೇಕಂತ್ರಿ ಅವಂಗ" ಎಂದು ತಾಯಿ ನಗಲು ಹೋಗಿ ಸೆರಗು ಬಾಯಿಗೆ ಹಿಡಿದಳು.

ನಾನು ಬಾಗಿಲ ಹಿಂದೆ ಹೋದೆ. ಹುಡುಗಿ ಗೋಡೆಗೆ ಮುಖ ಮಾಡಿ ನಿಂತು ಮಾತಾಡುತ್ತಲೇ ಇದ್ದಳು, ಬಲಗೈ ಆಡುತ್ತಲೇ ಇತ್ತು. ಆ ಕೈಯನ್ನು ಹಿಡಿದು ಹೊರಗೆ ಕರೆತಂದೆ.

"ಎತ್ಕೋ ಅವನ್ನ."

"ಅಳ್ತಾನ್ರಿ."

"ಅಳ್ಲಿ. ನಿನ್ನ ಕೈಯಾಗ ಅಳ್ಲಿ."

ಎತ್ತಿಕೊಂಡಳು. ಕೂಸು ಮೈಯೆಲ್ಲ ಬಿಲ್ಲು ಮಾಡಿಕೊಂಡು ಕಿರುಚಿತು. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ತನಗೇ ಏನೋ ತಿಳಿದಂತೆ ಅವನನ್ನು ತಿರುಗಿಸಿ ಹೆಗಲಿಗೆ ಹಾಕಿಕೊಂಡಳು. ಅವಳ ಮುಖ ಗೋಡೆಯ ಕಡೆ, ಅವನ ಮುಖ ಅಂಗಳದ ಕಡೆ. ಅವನ ಕಿವಿಯ ಹತ್ತಿರ ಕರುವಿನ ಸುದ್ದಿ ಮೊದಲಿನಿಂದ ಶುರು ಮಾಡಿದಳು. ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತಳು. ತಾಯಿ ಫೋನನ್ನು ಸೆರಗಿನಲ್ಲಿ ಮುಚ್ಚಿಟ್ಟಳು.

ಕಿರುಚಾಟ ನಿಂತು ಬಿಕ್ಕಳಿಕೆ ಬಂತು. ಆಮೇಲೆ ಉದ್ದುಸಿರು. ಕೂಸು ಅಕ್ಕನ ಜಡೆಯನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳು ಬಾಯಿಗಿಟ್ಟು, ಕಣ್ಣು ಎಳೆಯುತ್ತ ಎಳೆಯುತ್ತ ಮುಚ್ಚಿತು. ಅವಳು ತೂಗುವುದನ್ನು ನಿಲ್ಲಿಸಲಿಲ್ಲ. ಗೋಡೆಯ ಕಡೆಗೇ ನೋಡುತ್ತ ಪಿಸುದನಿಯಲ್ಲಿ ಕೇಳಿದಳು.

"ಅಕ್ಕೋರ, ಮಲಗ್ಯಾನೇನ್ರಿ? ನನಗ ಕಾಣೂದಿಲ್ಲ."

"ಮಲಗ್ಯಾನ" ಅಂದೆ.

ಆಗ ಅವಳು ಮೆಲ್ಲಗೆ ನೆಲದ ಮೇಲೆ ಕುಳಿತು, ಜಡೆಯನ್ನು ಬಿಡಿಸಿಕೊಳ್ಳದೆಯೇ ಅವನನ್ನು ತೊಡೆಯ ಮೇಲೆ ಇಳಿಸಿಕೊಂಡಳು. ಬಗ್ಗಿ ಅವನ ಮುಖ ನೋಡತೊಡಗಿದಳು.